ಸೆನುವಾರಾಳ ನಡಿಗೆ

"ಸೆನುವಾರಕ್ಕ ಯಾಕಮ್ಮಾ ಹೊರಗೇ ಬರಲ್ಲ? ಹುಷಾರಿಲ್ವಾ?" ತಲೆ ಬಾಚುವಾಗ ನನ್ನ ಐದು ವರ್ಷದ ನುರ್ಕಾಯ್ದಾ ಕೇಳಿದಳು.

"ಹುಷಾರಾಗೇ ಇದ್ದಾಳೆ ಕಣೇ."

"ಮತ್ತೆ?"

ಜಡೆ ಬಿಗಿಯಾಗಿ ಎಳೆದೆ.

ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಬಿದಿರು ತಟ್ಟಿ. ಊರು ಬಿಟ್ಟು, ಗಡಿಯ ನಾಫ್ ನದಿ ದಾಟಿ ಬಾಂಗ್ಲಾದ ಈ ನಿರಾಶ್ರಿತರ ಶಿಬಿರಕ್ಕೆ ಬಂದಾಗ ಸೆನುವಾರಾ ನನ್ನ ಮಗಳಷ್ಟಿದ್ದಳು. ಈಗ ಹದಿಮೂರು. ಹೋದ ಮಳೆಗಾಲದಲ್ಲಿ ಮೈನೆರೆದಳು. ಅಲ್ಲಿಂದ ಹೊಸಿಲು ದಾಟುವಂತಿಲ್ಲ. ನಮ್ಮಲ್ಲಿ ಹಾಗೇ. ನನ್ನನ್ನೂ ಹಾಗೇ ಕೂರಿಸಿದ್ದರು, ಆದರೆ ಆಗ ಊರಲ್ಲಿ ನಮಗೊಂದು ಅಂಗಳವಿತ್ತು, ಅದರಲ್ಲೊಂದು ಹಲಸಿನ ಮರವಿತ್ತು. ಇವಳಿಗಿರುವುದು ಒಂದೇ ಕೋಣೆ, ಮೇಲೆ ಬಿಸಿಲಿಗೆ ಕಾದ ತಾಡಪಾಲು.

ಇಳಿಜಾರಿನ ಕೆಳಗೆ ಮರಿಯಂ ಟೀಚರ್ ತನ್ನ ಮನೆಯಲ್ಲೇ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಾಳೆ. ಮನೆಯಲ್ಲಿ ಕೂರಿಸುವವರೆಗೂ ಸೆನುವಾರಾ ಅಲ್ಲೇ ಕಲಿಯುತ್ತಿದ್ದಳು. ಈ ಗುರುವಾರ ಐದನೇ ತರಗತಿಯ ಪರೀಕ್ಷೆ. ಬರೆದರೆ ಸೆನುವಾರಾ ಆರಕ್ಕೆ ಹೋಗುತ್ತಾಳೆ, ಬರೆಯದಿದ್ದರೆ ಅವಳ ಜಾಗ ಬೇರೊಬ್ಬಳಿಗೆ. ಜಗಳವೆಲ್ಲ ಅದಕ್ಕೇ. ತಟ್ಟಿಯ ಈಚೆ ನಾನು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡೆ.

"ಓದಿ ಆಫೀಸರ್ ಆಗ್ತೀಯಾ? ಯಾವ ದೇಶಕ್ಕೆ?" ಅವಳಪ್ಪ ದಿಲ್ ಮೊಹಮ್ಮದ್ ಕೇಳಿದ.

"ಮೊದಲು ಯಾವ್ದಾದ್ರೂ ದೇಶ ನಮ್ಮನ್ನ ತಗೊಳ್ಳಲಿ ಅಬ್ಬಾ, ಆಮೇಲೆ ಹೇಳ್ತೀನಿ."

ಅವನಿಗೆ ನಗು ಬಂತು. ನಕ್ಕುಬಿಟ್ಟೆನಲ್ಲಾ ಎಂದು ಸಿಟ್ಟೂ ಬಂತು. "ಜನ ಆಡ್ಕೊಂಡ್ರೆ ನಿನ್ನ ಯಾರೇ ಮದುವೆ ಆಗ್ತಾರೆ?"

ಸೋಮವಾರ ಹುಡುಗಿ ತಾಯಿಯ ಬುರ್ಖಾ ಹಾಕಿಕೊಂಡು, ತಾಯಿಯ ಕೊಡೆ ಹಿಡಿದು ಪಾಠಕ್ಕೆ ಹೊರಟೇಬಿಟ್ಟಳು. ನಮ್ಮ ಓಣಿಯಲ್ಲಿ ಹೆಂಗಸರ ಮುಖ ಯಾರು ಕಂಡಿದ್ದಾರೆ? ಇಂಥವರು ಹೋದರು ಎಂದು ತಿಳಿಯುವುದೇ ಕೊಡೆಯಿಂದ. ಆದರೆ ತಾಯಿ ರೊಹಿಮಾಗೆ ಮಂಡಿನೋವು, ಕುಂಟುತ್ತಾಳೆ. ಇವಳು ಶಾಲೆಯ ಆಸೆಯಲ್ಲಿ ಅದನ್ನೇ ಮರೆತಿದ್ದಳು.

"ಏನ್ ರೊಹಿಮಾ ಭಾಬಿ, ಮಂಡಿನೋವು ಯಾರಿಗೆ ದಾನ ಕೊಟ್ರಿ? ಕುದುರೆ ಹಂಗೆ ಹೋಗ್ತಿದೀರಲ್ಲ!" ಚಹಾ ಅಂಗಡಿಯವನು ಕೂಗಿದ. ಬೆಂಚಿನವರೆಲ್ಲ ನಕ್ಕರು. ಆ ಬೆಂಚಿನ ತುದಿಯಲ್ಲೇ ದಿಲ್ ಮೊಹಮ್ಮದ್ ಕೂತಿದ್ದ.

ಅವನು ಹೊಡೆಯಲಿಲ್ಲ. ಕೊಡೆ ಕಿತ್ತುಕೊಂಡು, ಅವಳನ್ನು ಮುಂದೆ ನಡೆಸಿಕೊಂಡು ಬಂದ. ಈಗ ಕೆಲಸಕ್ಕೆ ಹೋಗುವಾಗ ಬಾಗಿಲಿಗೆ ಹೊರಗಿನಿಂದ ಹಗ್ಗ ಬಿಗಿಯುತ್ತಾನೆ. ಒಳಗೆ ತಾಯಿ, ಮಗಳು, ಒಂದು ಕೊಡ ನೀರು.

ಇವತ್ತು ಮಧ್ಯಾಹ್ನ ತಟ್ಟಿಯ ಸಂದಿನಿಂದ ಒಣಮೀನಿನ ಚಟ್ನಿ ದಾಟಿಸಿದೆ. ಸೆನುವಾರಾ ಬಟ್ಟಲಿನ ಜೊತೆ ನನ್ನ ಬೆರಳನ್ನೂ ಹಿಡಿದುಕೊಂಡಳು.

"ಅಕ್ಕಾ, ನಿಂಗೆ ಮಂಡಿನೋವಿಲ್ಲ. ನೀನೂ ನನ್ನಷ್ಟೇ ಎತ್ತರ."

"ಅದಕ್ಕೇನೀಗ?"

"ಈ ತಟ್ಟಿ ಕೆಳಗಡೆ ಕಟ್ಟು ಬಿಚ್ಚಿದ್ರೆ ನಿಮ್ಮನೆಗೆ ನುಸೀತೀನಿ. ಅಮ್ಮ ಗೋಡೆ ಕಡೆ ತಿರುಗಿ ಮಲಗ್ತಾಳಂತೆ, ಅವಳೇ ಹೇಳಿದ್ಲು. ಗುರುವಾರ ಒಂದಿನ ನಿನ್ನ ಬುರ್ಖಾ, ಕೊಡೆ ಕೊಡು. ನಾನು ಬರೋವರ್ಗೂ ನೀನು ಒಳಗೇ ಇರ್ಬೇಕು. ಯಾರು ಕರೆದ್ರೂ ಓ ಅನ್ನಬಾರ್ದು."

ನನ್ನ ಗಂಡನೂ ಅದೇ ಬೆಂಚಿನಲ್ಲಿ ಚಹಾ ಕುಡಿಯುವವನು. ಆದರೂ ಬೆರಳು ಬಿಡಿಸಿಕೊಳ್ಳಲು ಆಗಲಿಲ್ಲ.

"ಇನ್ನೊಂದು ಅಕ್ಕಾ," ಎಂದಳು, ಇನ್ನೂ ಮೆಲ್ಲಗೆ. "ನುರ್ಕಾಯ್ದಾನ ನನ್ನ ಜೊತೆ ಕಳಿಸ್ತೀಯಾ? ಮಗು ಕೈ ಹಿಡ್ಕೊಂಡಿದ್ರೆ ನೀನೇ ಅನ್ಕೋತಾರೆ."