ಒಸ್ತಾಪನ ಬಲ ಮೊಣಕಾಲು
ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿರುವ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ರಜೆಯೆಂಬುದೇ ಗೊತ್ತಿಲ್ಲದ ರೋಗಿಯೆಂದರೆ ಉಕ್ರೇನಿನ ಫುಟ್‌ಬಾಲ್ ಆಟಗಾರ ಒಸ್ತಾಪ್. ಹೆಸರಿಗೆ ಇವನು ಸ್ಟ್ರೈಕರ್. ಆದರೆ ಎರಡು ವರ್ಷಗಳಿಂದ ಸ್ಟ್ರೈಕ್ ಹೂಡಿ ಕೂತಿರುವುದು ಅವನ ಬಲ ಮೊಣಕಾಲು. ಮೂರು ಶಸ್ತ್ರಚಿಕಿತ್ಸೆಗಳಾದರೂ, ಹತ್ತು ಸಲ ಮಾಡು ಎಂದ ವ್ಯಾಯಾಮವನ್ನು ಮೂವತ್ತು ಸಲ ಮಾಡುತ್ತಾನೆ. ಪಕ್ಕದ ಮಂಚದ ಸೊಂಟನೋವಿನ ಅಜ್ಜಿಗೂ ಪೆನಾಲ್ಟಿ ಒದೆಯುವ ಬಗೆಯನ್ನು ವಿವರಿಸುತ್ತಾನೆ. ನಮ್ಮ ಮಂಗಳೂರಿನ ಥೆರಪಿಸ್ಟ್ ಲವಿಟಾ, "ಖಲಾಸ್, ಸಾಕು ಮಾರಾಯಾ!" ಎಂದು ಗದರಿದರೆ, "ಯಲ್ಲಾ, ನಡೀಲಿ, ಇನ್ನೊಂದೇ ಒಂದು" ಎನ್ನುತ್ತಾನೆ. ಇವತ್ತು ಅವನ ಕ್ಲಬ್ಬಿನ ವೈದ್ಯರು ಬಂದಿದ್ದರು. ಅವರು ಒಪ್ಪಿದರೆ ಮತ್ತೆ ಮೈದಾನ, ಇಲ್ಲವಾದರೆ ಆಟ ಅಲ್ಲಿಗೇ ಮುಗಿಯಿತು. "ಒತ್ತಿ ನೋಡುತ್ತೇನೆ, ನೋವಾದರೆ ಹೇಳು" ಎಂದು ಅವರು ಕೈ ಚಾಚಿದರು. ಬೆರಳು ಮೊಣಕಾಲಿಗೆ ತಾಗುವ ಮೊದಲೇ ಒಸ್ತಾಪ್ ಹೇಳಿಬಿಟ್ಟ: "ನೋವಿಲ್ಲ."