ಇಂಟರ್ನೆಟ್ಟಿಲ್ಲದೆ ತೆರೆದ ಅಕ್ಕನ ಕಂಪ್ಯೂಟರು

ಎಂದೋ ನಾಲ್ಕು ಮದುವೆ ಪತ್ರಿಕೆ ಟೈಪು ಮಾಡಿದ ಪುಣ್ಯಕ್ಕೆ ನಮ್ಮ ಬಳಗದಲ್ಲಿ ನನಗೆ ಕಂಪ್ಯೂಟರ್ ಪಂಡಿತನೆಂಬ ಹೆಸರು ಬಿದ್ದಿದೆ. ಕಲ್ಯಾಣದುರ್ಗದ ಅಕ್ಕ ಸೀರೆ ಅಂಚಿನ ನಮೂನೆ ಬಿಡಿಸಲು ಹೊಸ ಕಂಪ್ಯೂಟರ್ ತರಿಸಿದಾಗ, ಶುರು ಮಾಡಿಕೊಡಲು ಹಿಂದೂಪುರದಿಂದ ನನ್ನನ್ನೇ ಕರೆಸಿದಳು.

ನಾನು ಹೋಗುವಷ್ಟರಲ್ಲಿ ಭಾವ ಅದಕ್ಕೆ ವಿಭೂತಿ ಬಳಿದು, ಹೂವಿಟ್ಟು, ಅಕ್ಕಪಕ್ಕದವರನ್ನು ಕರೆದು ಕೂರಿಸಿದ್ದರು. "ಐದು ನಿಮಿಷದ ಕೆಲಸ" ಅಂದೆ ನಾನು.

ಕಂಪ್ಯೂಟರ್ ಮೊದಲು ಇಂಟರ್ನೆಟ್ ಕೇಳಿತು. ಭಾವ ದಾನಶೂರನ ಹಾಗೆ ತಮ್ಮ ಫೋನಿನಿಂದ ಕೊಟ್ಟರು. ಆಮೇಲೆ ಇಮೇಲ್ ಕೇಳಿತು. ಭಾವನಿಗೆ ಅದೂ ಇತ್ತು. ಆದರೆ ಮಾಡಿಕೊಟ್ಟವನು ಫೋನ್ ಅಂಗಡಿಯವನು, ಪಾಸ್‌ವರ್ಡ್ ಅವನಿಗೇ ಗೊತ್ತು. ಮರೆತಿದ್ದೇವೆ ಎಂದು ಒತ್ತಿದರೆ, ಭಾವ ಎಂದೋ ಬಿಟ್ಟ ಹಳೆಯ ನಂಬರಿಗೆ ಕೋಡ್ ಕಳಿಸಿದ್ದೇನೆ ಎಂದು ಹೇಳಿತು.

"ನಿನ್ನ ನಂಬರಿನಿಂದ ಹೊಸದು ಮಾಡೋಣ" ಎಂದು ಅಕ್ಕನಿಗೆ ಹೇಳಿದೆ.

"ನನ್ ನಂಬರು ಅದಕ್ಕ್ಯಾಕ್ಲಾ? ಮಿಕ್ಸಿ ತಂದಾಗ ಕೇಳಿತ್ತಾ?"

ಈಗಿನ ಕಾಲದ ಪದ್ಧತಿ, ಭದ್ರತೆ ಎಂದು ನಾನು ದೊಡ್ಡ ಭಾಷಣ ಬಿಗಿದೆ. ಅವಳು ಕೇಳಿಸಿಕೊಂಡು, "ನಾನು ಕೊಡಾಕಿಲ್ಲ ಕಣಪ್ಪ" ಎಂದಳು. ಕಂಪ್ಯೂಟರ್ ಮಾರಿದವನಿಗೆ ಭಾವ ಫೋನ್ ಮಾಡಿದರೆ, "ಅದಿ ಲೇಕುಂಡಾ ಓಪನ್ ಕಾದು ಸಾರ್", ಅದಿಲ್ಲದೆ ತೆರೆಯುವುದೇ ಇಲ್ಲ ಎಂದು ತೆಲುಗಿನಲ್ಲಿ ಹೇಳಿ ಅವನು ಫೋನಿಟ್ಟ. ಕೂತಿದ್ದವರು ಒಬ್ಬೊಬ್ಬರೇ ಎದ್ದು ಹೋದರು. ನನ್ನ ಪಾಂಡಿತ್ಯವೂ ಅವರ ಜೊತೆ ಹೊರಟಿತು.

ಕೊನೆಗೆ ಮಾನ ಬಿಟ್ಟು, ಸೋಮಂದೇಪಲ್ಲಿಯಲ್ಲಿ ಕಂಪ್ಯೂಟರ್ ಪಾಠ ಹೇಳುವ ಪರಿಚಯದ ಟೀಚರಮ್ಮನಿಗೆ ಫೋನ್ ಮಾಡಿದೆ.

"ಇಂಟರ್ನೆಟ್ ಯಾಕ್ ಕೊಟ್ಬುಟ್ರಿ? ಆಫ್ ಮಾಡಿ ಮೊದ್ಲಿಂದ ಶುರು ಮಾಡಿ" ಎಂದು ಆಕೆ ಗದರಿಸಿದರು. ಎರಡು ಕೀ ಒಟ್ಟಿಗೆ ಒತ್ತಿಸಿದರು. ಕಪ್ಪು ಕಿಟಕಿಯೊಂದು ತೆರೆಯಿತು. ಅದರಲ್ಲಿ ಒಂದು ಸಾಲು ಬರೆಸಿದರು. ಕಂಪ್ಯೂಟರ್ ತಾನೇ ಆರಿ ಹೊತ್ತಿಕೊಂಡಿತು. ಅಲ್ಲಿಯವರೆಗೆ ಎಲ್ಲಿ ಅವಿತಿತ್ತೋ, 'ನನ್ನ ಬಳಿ ಇಂಟರ್ನೆಟ್ ಇಲ್ಲ' ಎಂಬ ಸಾಲು ಮೂಲೆಯಲ್ಲಿ ಕಾಣಿಸಿತು. ಅದನ್ನು ಒತ್ತಿದಾಗಲೂ ಕಂಪ್ಯೂಟರ್, ಎಷ್ಟೆಲ್ಲ ಕಳೆದುಕೊಳ್ಳುತ್ತೀರಿ ಗೊತ್ತೇ ಎಂದು ಮುನಿಸಿಕೊಂಡೇ ದಾರಿ ಬಿಟ್ಟಿತು.

ಆಮೇಲೆ ಕೇಳಿದ್ದು ಹೆಸರು, ಪಾಸ್‌ವರ್ಡ್, ಮರೆತರೆ ನೆನಪಿಸಲು ಮೂರು ಗುಟ್ಟಿನ ಪ್ರಶ್ನೆ. ಮೊದಲು ಸಾಕಿದ ಪ್ರಾಣಿಯ ಹೆಸರೇನು ಎಂಬುದು ಒಂದು.

"ನಮ್ಮನೇಲಿ ಕುರಿಗೆ ಹೆಸರು ಯಾರ್ಲಾ ಇಟ್ಟಿದ್ರು?" ಎಂದು ಅಕ್ಕ ನಕ್ಕಳು. ಏನಾದರೂ ಬರೆ, ನಿನಗೆ ನೆನಪಿದ್ದರೆ ಸಾಕು ಎಂದೆ.

ಹೆಸರಿನ ಜಾಗಕ್ಕೆ ತಮ್ಮ ಅಂಗಡಿಯ ಹೆಸರಿಡು ಎಂದು ಭಾವ ಹೇಳುತ್ತಲೇ ಇದ್ದರು. ಅವಳು ತನ್ನ ಹೆಸರನ್ನೇ ಒಂದೊಂದು ಅಕ್ಷರ ಹುಡುಕಿ ಒತ್ತಿದಳು. ಪಾಸ್‌ವರ್ಡ್ ಸರದಿ ಬಂದಾಗ ಕೀಬೋರ್ಡಿನ ಮೇಲೆ ಸೆರಗು ಹೊದಿಸಿ, ನಮ್ಮಿಬ್ಬರಿಗೂ "ಅತ್ಲಾಗೆ ತಿರಿಕ್ಕಳಿ" ಎಂದಳು. ತಿರುಗಿಕೊಂಡು ಗೋಡೆ ನೋಡುತ್ತ ನಿಂತೆವು. ಕಂಪ್ಯೂಟರ್ ತೆರೆಯಿತು.

ನಾನು ಊರಿಗೆ ಹೊರಟಾಗ ಭಾವ ಬಸ್‌ಸ್ಟ್ಯಾಂಡಿನವರೆಗೂ ಬಂದರು. ಪ್ರೀತಿಗೆಂದುಕೊಂಡೆ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ಪಾಸ್‌ವರ್ಡ್ ಏನಂತ ನೋಡ್ಕಂಡೆಯೇನಪ್ಪ?" ಎಂದರು.

"ಇಲ್ಲ ಭಾವ" ಎಂದೆ. ಆ ದಿನ ನಾನು ಪೂರ್ತಿ ತಿಳಿದು ಹೇಳಿದ ಮಾತು ಅದೊಂದೇ.

ಮುಂದಿನ ವಾರ ಅಕ್ಕ ಮೊದಲ ಅಂಚಿನ ನಮೂನೆ ಬಿಡಿಸಿ, ಫೋನಿನಲ್ಲಿ ಫೋಟೋ ತೆಗೆದು ನನಗೆ ಕಳಿಸಿದಳು. ಕಂಪ್ಯೂಟರಿನಿಂದ ಮೂರು ಕಾಸಿನ ಉಪಯೋಗವಿಲ್ಲವೆಂದು ಭಾವ ಈಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರಂತೆ.