ಶಲ್ಯದ ಮೇಷ್ಟ್ರು

ಹನುಮಂತನಗರದ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಪುರಾಣ, ಜಾನಪದ ಕಲಿಸುತ್ತಿದ್ದ ಆ ಮಹಾನುಭಾವರು ಒಂದು ಕಥೆಯನ್ನೂ ಮುಗಿಸಿದವರಲ್ಲ. ರಾಕ್ಷಸ ಕತ್ತಿ ಎತ್ತಿದ ಕೂಡಲೇ ಶಲ್ಯ ಸರಿಪಡಿಸಿಕೊಂಡು, "ಮಿಕ್ಕಿದ್ದು ನಾಳೆ ಅಪ್‌ಡೇಟಲ್ಲಿ ಬರತ್ತೆ" ಎಂದುಬಿಡುತ್ತಿದ್ದರು. ಬೆಳಗಾದರೆ ವಾಟ್ಸಾಪ್ ಗುಂಪಿಗೆ ಬರುತ್ತಿದ್ದುದು ಕಥೆಯಲ್ಲ, "ಜ್ಞಾನವರ್ಧನೆ" ಎಂಬ ತಲೆಬರಹದ ಕೆಳಗೆ ಅವರದೇ ಫೋಟೋ.

ಗೌರಿ ಹಬ್ಬದ ದಿನ ವ್ರತದ ಕಥೆ ಶುರುಮಾಡಿದರು. ಕಥೆ ಮುಗಿದ ಮೇಲೆ ಗೌರಿಗೆ ಹಾಕಲೆಂದು ನಮ್ಮಮ್ಮ ಅಕ್ಷತೆ ಹಿಡಿದು ಫೋನಿನ ಮುಂದೆ ಕೂತಿದ್ದಳು. ಅರ್ಧಕ್ಕೇ ಮೇಷ್ಟ್ರ ಕೈ ಶಲ್ಯಕ್ಕೆ ಹೋಯಿತು.

"ಕಥೆ ಮುಗೀಲಿಲ್ವಲ್ಲಾ ಮೇಷ್ಟ್ರೇ, ಈ ಅಕ್ಷತೆ ಏನ್ಮಾಡ್ಲಿ?" ಎಂದಳು ಅಮ್ಮ.

"ಹಿಡ್ಕೊಂಡೇ ಇರಿ ಮೇಡಂ. ನಾಳೆ ಅಪ್‌ಡೇಟಲ್ಲಿ ಬರತ್ತೆ."

ಬಂತು. ಫೋಟೋದ ಕೆಳಗೆ ದಪ್ಪಕ್ಷರದಲ್ಲಿ: "ಅಕ್ಷತೆ ಹಿಡಿದುಕೊಂಡಿದ್ದರೆ ಆಗುವ ಆರೋಗ್ಯ ಲಾಭಗಳು."